ಗಾಳಿಯ ‘ಸೋಮಾರಿ’ಯನ್ನು ಹಿಡಿದ ಸರ್ ವಿಲಿಯಂ ರಾಮ್ಸೆ

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಲ್ಲರಿಗೂ ಗೊತ್ತು. ಅದಕ್ಕೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದ ಸರ್ ವಿಲಿಯಂ ರಾಮ್ಸೆ ಅವರ ಹೆಸರು ಮಾತ್ರ ನಮ್ಮವರ ಬಾಯಲ್ಲಿ ಬರುವುದು ಅಪರೂಪ.

1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜನಿಸಿದ ರಾಮ್ಸೆ, 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಆ ಕಾಲದಲ್ಲಿ ಲಾರ್ಡ್ ರೇಲಿ ಎಂಬ ಭೌತವಿಜ್ಞಾನಿಗೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಗಾಳಿಯಿಂದ ತೆಗೆದ ಸಾರಜನಕವು ಅಮೋನಿಯದಿಂದ ತಯಾರಿಸಿದ ಸಾರಜನಕಕ್ಕಿಂತ ಸುಮಾರು 200ರಲ್ಲಿ ಒಂದು ಪಾಲು ಹೆಚ್ಚು ತೂಗುತ್ತಿತ್ತು. ತಕ್ಕಡಿಯ ದೋಷವೆಂದು ಕೈಬಿಡಬಹುದಿತ್ತು. ಆದರೆ ಚಿಲ್ಲರೆ ವ್ಯತ್ಯಾಸದ ಹಿಂದೆ ಏನೆಲ್ಲ ಅಡಗಿರುತ್ತದೆಂದು ಲೆಕ್ಕ ಬರೆದವರೇ ಬಲ್ಲರು! ರಾಮ್ಸೆ ಬಿಡಲಿಲ್ಲ. ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಸಾರಜನಕವನ್ನೆಲ್ಲ ಲೋಹ ಹೀರಿದ ಮೇಲೆ, ಯಾವುದರೊಡನೆಯೂ ಬೆರೆಯದ ಅನಿಲವೊಂದು ಉಳಿಯಿತು. 1894ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಈ ಅನಿಲವೇ ಆರ್ಗಾನ್. ಗ್ರೀಕಿನಲ್ಲಿ ಸೋಮಾರಿ ಎಂದರ್ಥ. ಗಾಳಿಯಲ್ಲಿ ಇದು ಶೇ. 0.93ರಷ್ಟಿದೆ, ಇಂಗಾಲದ ಡೈ ಆಕ್ಸೈಡಿಗಿಂತ 20 ಪಟ್ಟಿಗೂ ಹೆಚ್ಚು.

1898ರಲ್ಲಿ ಸಹಾಯಕ ಮಾರಿಸ್ ಟ್ರಾವರ್ಸ್ ಜತೆಗೂಡಿ ದ್ರವಗಾಳಿಯಿಂದ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಬೇರ್ಪಡಿಸಿದರು. 1904ರಲ್ಲಿ ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್, ರೇಲಿಗೆ ಭೌತಶಾಸ್ತ್ರದ ನೊಬೆಲ್ ಸಂದವು.

ಮುಂಬಯಿಯ ಜೆಮ್‌ಶೆಟ್‌ಜಿ ಟಾಟಾ ಅವರ ಯೋಜನೆಗಾಗಿ ರಾಮ್ಸೆ 1900ರಲ್ಲಿ ಭಾರತಕ್ಕೆ ಬಂದು, ಊರೂರು ನೋಡಿ ಬೆಂಗಳೂರನ್ನು ಆರಿಸಿದರು. ಮೈಸೂರು ಸಂಸ್ಥಾನವು ಸುಮಾರು 371 ಎಕರೆ ಭೂಮಿ ನೀಡಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ಅದೇ ಟ್ರಾವರ್ಸ್. ರಾಮ್ಸೆ 1916ರ ಜುಲೈ 23ರಂದು ಇಂಗ್ಲೆಂಡಿನಲ್ಲಿ ನಿಧನರಾದರು.