ಖಳನ ಅಂತರಂಗ ಕಂಡ ನಟ: ಎಡ್ಮಂಡ್ ಕೀನ್

1814ನೆಯ ಇಸವಿ ಜನವರಿ 26ರ ರಾತ್ರಿ. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ಆಸನಗಳು ಬಹುಪಾಲು ಬರಿದಾಗಿದ್ದುವು. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಶೈಲಾಕನಾಗಿ ಅಂದು ರಂಗವನ್ನೇರಿದವನು ಹಳ್ಳಿಪಟ್ಟಣಗಳಲ್ಲಿ ಅಲೆದು ಬಂದಿದ್ದ ಕುಳ್ಳುದೇಹದ ಎಡ್ಮಂಡ್ ಕೀನ್. ಶೈಲಾಕನಿಗೆ ಕೆಂಗೂದಲ ಟೋಪನ್ ತೊಡಿಸುವುದು ಅಂದಿನ ಸಂಪ್ರದಾಯ. ಕೀನನಾದರೋ ಕಪ್ಪು ಕೂದಲು, ಕಪ್ಪು ಗಡ್ಡಗಳನ್ನು ಧರಿಸಿ ಬಂದನು.

ಶೈಲಾಕನನ್ನು ನಗೆಪಾಟಲಿನಿಂದ ಬಿಡಿಸಿ ಭಯಂಕರನನ್ನಾಗಿಸಿದ ಕೀರ್ತಿ 1741ರಲ್ಲಿ ಆ ಪಾತ್ರವಾಡಿದ ಮ್ಯಾಕ್ಲಿನ್ನನದು. ಕೀನನು ಆ ಭಯಂಕರನೊಳಗೆ ಅವಮಾನಿತನಾದ ಮನುಷ್ಯನನ್ನು ತೋರಿಸಿದನು. ನಾಟಕದ ಘರ್ಷಣೆ ಖಳನಿಗೂ ಸಜ್ಜನರಿಗೂ ನಡುವೆ ಮಾತ್ರವಲ್ಲ, ಖಳನ ಎದೆಯೊಳಗೂ ನಡೆಯುತ್ತದೆಂಬುದು ಆ ರಾತ್ರಿ ಪ್ರೇಕ್ಷಕರಿಗೆ ಮನದಟ್ಟಾಯಿತು. ವಿಮರ್ಶಕ ಹ್ಯಾಜ್ಲಿಟ್ ಅವನನ್ನು ಮುಕ್ತಕಂಠದಿಂದ ಹೊಗಳಿದನು.

ಈ ಗೆಲುವಿನ ಹಿಂದೆ ಎಳೆಯ ಮಗುವೊಂದರ ಸಾವಿದ್ದಿತು. ಎರಡೇ ತಿಂಗಳ ಹಿಂದೆ, 1813ರ ನವೆಂಬರಿನಲ್ಲಿ, ಡಾರ್ಚೆಸ್ಟರಿನಲ್ಲಿ ಅವನ ನಾಲ್ಕು ವರ್ಷದ ಹಿರಿಯ ಮಗ ಹೊವರ್ಡ್ ತೀರಿಕೊಂಡಿದ್ದನು. ಬಡತನ, ಅಲೆದಾಟ, ತಿರಸ್ಕಾರಗಳು ಕೀನನಿಗೆ ಬಾಲ್ಯದಿಂದಲೂ ಪರಿಚಿತವೇ.

ಅನಂತರ ಮೂರನೆಯ ರಿಚರ್ಡ್, ಇಯಾಗೊ, 1816ರಲ್ಲಿ ಮ್ಯಾಸಿಂಜರನ ನಾಟಕದ ಧನಪಿಶಾಚಿ ಸರ್ ಗೈಲ್ಸ್ ಓವರ್‌ರೀಚ್, ಹೀಗೆ ಖಳಪಾತ್ರಗಳು ಒಂದಾದ ಮೇಲೊಂದು ಅವನಿಗೆ ಒಲಿದುವು. ಓವರ್‌ರೀಚನ ಕೊನೆಯ ಉನ್ಮಾದವನ್ನು ಕಂಡು ಕವಿ ಬೈರನ್ನನೇ ತತ್ತರಿಸಿದನೆಂದು ಪ್ರತೀತಿ. ಆದರೆ ಕೀರ್ತಿಯೊಡನೆ ಕುಡಿತವೂ ಬೆಳೆಯಿತು. 1825ರ ಜನವರಿಯಲ್ಲಿ, ಪರಸ್ತ್ರೀಯೊಡನೆ ಸಂಬಂಧವಿಟ್ಟುಕೊಂಡನೆಂದು ಆಕೆಯ ಗಂಡ ಹೂಡಿದ ದಾವೆಯಲ್ಲಿ 800 ಪೌಂಡು ಪರಿಹಾರ ತೆರಬೇಕೆಂದು ತೀರ್ಪಾಯಿತು. ಮರುವಾರ ರಿಚರ್ಡನಾಗಿ ರಂಗಕ್ಕೆ ಬಂದಾಗ ಕೂಗಾಟದಲ್ಲಿ ಅವನ ಮಾತೊಂದೂ ಕೇಳಿಸಲಿಲ್ಲ. ಅದೇ ವರ್ಷದ ಕೊನೆಗೆ ಅಮೆರಿಕದ ಬಾಸ್ಟನ್ನಿನಲ್ಲಿಯೂ ಅವನ ವಿರುದ್ಧ ದೊಂಬಿಯೆದ್ದಿತು. ಖಳನಲ್ಲಿ ಮನುಷ್ಯನನ್ನು ಕಾಣಲು ಯಾರು ಕಲಿಸಿದನೋ ಅವನಲ್ಲಿ ಜನ ಖಳನನ್ನಷ್ಟೇ ಕಂಡರು.

1833ರ ಮಾರ್ಚ್ 25ರಂದು ಕವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಅವನು ಒಥೆಲೊ ಪಾತ್ರವನ್ನು ವಹಿಸಿದನು. ಇಯಾಗೊ ಆಗಿದ್ದವನು ಅವನ ಮಗ ಚಾರ್ಲ್ಸ್. ಮೂರನೆಯ ಅಂಕದಲ್ಲಿ ಕೀನನ ಶಕ್ತಿ ಉಡುಗಿ ಮಗನ ತೋಳಿಗೆ ಒರಗಿದನು. ಮೇ 15ರಂದು ರಿಚ್ಮಂಡಿನಲ್ಲಿ ಪ್ರಾಣ ಬಿಟ್ಟನು. ನಾಟಕದಲ್ಲಿ ಒಥೆಲೊವನ್ನು ಕೆಡಹುವವನು ಇಯಾಗೊ. ಆ ರಾತ್ರಿ ಬೀಳುತ್ತಿದ್ದ ಒಥೆಲೊವನ್ನು ಹಿಡಿದುಕೊಂಡವನೂ ಇಯಾಗೊವೇ.