ತಿರುಮಕೂಡಲು ಚೌಡಯ್ಯ

ತಿರುಮಕೂಡಲು ಚೌಡಯ್ಯ (1895 – 19 ಜನವರಿ 1967) ಕರ್ನಾಟಕ ಸಂಗೀತದ ಹೆಸರಾಂತ ಪಿಟೀಲು ವಿದ್ವಾಂಸರು. ಜನಸಾಮಾನ್ಯರು ಅವರನ್ನು ಪಿಟೀಲು ಚೌಡಯ್ಯ ಎಂದೇ ಕರೆಯುತ್ತಿದ್ದರು. ಧ್ವನಿವರ್ಧಕ ಯಂತ್ರಗಳು ಸಂಗೀತ ಸಭೆಗಳಿಗೆ ಇನ್ನೂ ಸಮರ್ಪಕವಾಗಿ ಬಂದಿರದ ಕಾಲದಲ್ಲಿ, ತಮ್ಮ ವಾದ್ಯದ ನಾದ ಕೊನೆಯ ಸಾಲಿನ ಶ್ರೋತೃವಿಗೂ ಮುಟ್ಟಬೇಕೆಂಬ ಹಂಬಲದಿಂದ ನಾಲ್ಕು ತಂತಿಗಳ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾಗಿದ್ದ ಅವರು 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದನ್ನು ಪಡೆದರು.

ಬಾಲ್ಯ ಮತ್ತು ಗುರುಕುಲವಾಸ

ಚೌಡಯ್ಯನವರು ಹುಟ್ಟಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ಬಳಿಯ ತಿರುಮಕೂಡಲಿನಲ್ಲಿ. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಈ ಸ್ಥಳದಲ್ಲಿ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಸೇರುತ್ತದೆಂದು ನಂಬಿಕೆ. ಅವರು ಮುಂದೆ ತಮ್ಮ ರಚನೆಗಳಿಗೆ ತ್ರಿಮಕುಟ ಎಂಬ ಅಂಕಿತವನ್ನು ಆರಿಸಿಕೊಂಡದ್ದರಲ್ಲಿ ಹುಟ್ಟೂರಿನ ಹೆಸರೇ ಅಡಗಿದೆ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು.

1910ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು; ದಾಸರ ಪದಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನ ತಂದುಕೊಟ್ಟವರು; ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಗುರುಗಳು ಗಾಯಕರಾಗಿದ್ದುದು ಶಿಷ್ಯನ ವಾದನದ ಮೇಲೆ ಆಳವಾದ ಪರಿಣಾಮ ಬೀರಿತು. ಗಾಯಕನ ಉಸಿರು ಎಲ್ಲಿ ನಿಲ್ಲುತ್ತದೆ, ಸಾಹಿತ್ಯದ ಅಕ್ಷರ ಎಲ್ಲಿ ಒಡೆಯುತ್ತದೆ ಎಂಬುದನ್ನು ಬಲ್ಲ ಪಕ್ಕವಾದ್ಯಗಾರರು ವಿರಳ. ಆ ತಿಳಿವಳಿಕೆ ಚೌಡಯ್ಯನವರಿಗೆ ಗುರುಕುಲದಲ್ಲಿಯೇ ದೊರೆಯಿತು. ಕಠಿಣ ಶಿಸ್ತಿನ ಈ ಶಿಕ್ಷಣದ ನಂತರ ಅವರು ಗುರುಗಳ ಕಛೇರಿಗಳಿಗೇ ಪಿಟೀಲು ನುಡಿಸತೊಡಗಿದರು.

ನಾದ ಸಾಲದೆ ಬಂದ ಸಮಸ್ಯೆ

ಚೌಡಯ್ಯನವರ ಸಾಧನೆಯನ್ನು ತಿಳಿಯಬೇಕಾದರೆ ಅಂದಿನ ಕಛೇರಿಯ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಅರಮನೆಯ ತೊಟ್ಟಿಯಲ್ಲೋ ಶ್ರೀಮಂತರ ಪಡಸಾಲೆಯಲ್ಲೋ ಹತ್ತಾರು ರಸಿಕರ ಮುಂದೆ ನಡೆಯುತ್ತಿದ್ದ ಸಂಗೀತ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟಿಕೆಟ್ಟಿನ ಸಭಾಂಗಣಗಳಿಗೂ ರಾಮೋತ್ಸವದ ಚಪ್ಪರಗಳಿಗೂ ಬಂದಿತು. ಕೇಳುವವರು ನೂರಾರು ಮಂದಿಯಾದರು. ಗಾಯಕರು ಏರು ಶ್ರುತಿಯಲ್ಲಿ ಹಾಡಿ ಜನರನ್ನು ಮುಟ್ಟುತ್ತಿದ್ದರು. ಮೃದಂಗಕ್ಕೆ ತನ್ನದೇ ಗಟ್ಟಿತನವಿತ್ತು. ನಡುವೆ ಸೊರಗಿದ್ದು ಪಿಟೀಲು.

ಇದಕ್ಕೆ ವಾದ್ಯದ ರಚನೆಯಲ್ಲಿಯೇ ಕಾರಣವಿತ್ತು. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮ ಸಂಗೀತಕ್ಕೆ ಒಗ್ಗಿಕೊಂಡ ಈ ಪಾಶ್ಚಾತ್ಯ ವಾದ್ಯವನ್ನು ನಮ್ಮವರು ಷಡ್ಜ, ಪಂಚಮ, ಷಡ್ಜ, ಪಂಚಮ ಎಂದು ಶ್ರುತಿ ಮಾಡುತ್ತಾರೆ. ಪುರುಷ ಗಾಯಕರ ಶ್ರುತಿಗೆ ಹೊಂದಿಸಬೇಕಾದಾಗ ತಂತಿಗಳನ್ನು ಪಾಶ್ಚಾತ್ಯರ ಕ್ರಮಕ್ಕಿಂತ ಸಾಕಷ್ಟು ಸಡಿಲಿಸಬೇಕಾಗುತ್ತದೆ. ತಂತಿಯ ಬಿಗಿ ಕಡಿಮೆಯಾದರೆ ಕುದುರೆಯ ಮೂಲಕ ಮರದ ಹೊಟ್ಟೆಗೆ ಇಳಿಯುವ ಕಂಪನದ ಬಲವೂ ತಗ್ಗುತ್ತದೆ. ಗಮಕಕ್ಕೆ ಸಡಿಲ ತಂತಿಯೇ ಹಿತ. ಆದರೆ ಅದೇ ಸಡಿಲತನ ನಾದವನ್ನು ಮೆಲುವಾಗಿಸುತ್ತದೆ.

ಇದು ನಮ್ಮ ನಾಡಿನ ತೊಂದರೆ ಮಾತ್ರವಾಗಿರಲಿಲ್ಲ. ಲಂಡನ್ನಿನಲ್ಲಿ ಅಗಸ್ಟಸ್ ಸ್ಟ್ರೋ ಎಂಬುವವರು ಮರದ ಪೆಟ್ಟಿಗೆಯ ಬದಲು ಲೋಹದ ಕಹಳೆಯನ್ನು ಜೋಡಿಸಿದ ಪಿಟೀಲಿಗೆ 1899ರಲ್ಲಿ ಪೇಟೆಂಟು ಪಡೆದಿದ್ದರು. ಅಮೆರಿಕದಲ್ಲಿ ಜಾನ್ ಡೋಪ್ಯೆರಾ ಅವರು ಗಿಟಾರಿನ ಒಳಗೆ ಅಲ್ಯೂಮಿನಿಯಂ ಶಂಕುಗಳನ್ನಿಟ್ಟು ಅದರ ಧ್ವನಿ ಹೆಚ್ಚಿಸಿದರು. ಅವರ ಗಿಟಾರು ಮಾರುಕಟ್ಟೆಗೆ ಬಂದದ್ದು 1927ರಲ್ಲಿ.

ಏಳು ತಂತಿಗಳ ಪಿಟೀಲು

ಅದೇ 1927ರ ಸುಮಾರಿಗೆ ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ಕಛೇರಿಗಳಲ್ಲಿ ನುಡಿಸತೊಡಗಿದ್ದರು. ಕಹಳೆಯನ್ನಾಗಲಿ ಲೋಹದ ತಟ್ಟೆಯನ್ನಾಗಲಿ ಸೇರಿಸದೆ, ವಾದ್ಯದ ಮರದ ಒಡಲನ್ನು ಹಾಗೆಯೇ ಉಳಿಸಿಕೊಂಡು, ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಅವರು ಕಟ್ಟಿದರು. ಜೊತೆ ತಂತಿಯನ್ನು ಮೂಲ ತಂತಿಯಿಂದ ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿ ಮಾಡಲಾಗುತ್ತಿತ್ತು. ಕಮಾನು ಒಮ್ಮೆಗೇ ಎರಡನ್ನೂ ಸವರುವುದರಿಂದ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಕೂಡಿ ಮೊಳಗುತ್ತದೆ. ಇಬ್ಬರು ಪಿಟೀಲುಗಾರರು ಒಟ್ಟಿಗೆ ನುಡಿಸಿದಂತಹ ತುಂಬು ನಾದ ಒಬ್ಬರ ಕೈಯಿಂದಲೇ ಹೊರಡುತ್ತದೆ.

ಕೇಳಲು ಸುಲಭವೆನಿಸುವ ಈ ಪರಿಹಾರ ನುಡಿಸುವವನಿಗೆ ದುಬಾರಿಯಾದದ್ದು. ಬಿರಡೆಗಳು ಏಳಾದವು, ಕುದುರೆಯ ಮೇಲೆ ಬೀಳುವ ಭಾರ ಹೆಚ್ಚಿತು. ಬೆರಳ ತುದಿ ಏಕಕಾಲಕ್ಕೆ ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು, ಗಮಕದ ಓಲಾಟದಲ್ಲಿಯೂ ಎರಡೂ ಜೊತೆಗೂಡಿಯೇ ಸಾಗಬೇಕು. ಜೊತೆಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ನಾದದಲ್ಲಿ ಮಿಡಿತ ಹುಟ್ಟಿ ಕಿವಿಗೆ ಚುಚ್ಚುತ್ತದೆ. ಸವೆದ ತಂತಿಯನ್ನು ತೆಗೆದು ಹೊಸದನ್ನು ಕಟ್ಟುವಾಗಲೂ ಅದು ತನ್ನ ಜೊತೆಗೆ ದಪ್ಪದಲ್ಲಿಯೂ ಬಿಗಿಯಲ್ಲಿಯೂ ಹೊಂದಬೇಕು. ಚೌಡಯ್ಯನವರು ಏಳು ತಂತಿಗಳ ಮೇಲೆ ಸಾಧಿಸಿದ ಶ್ರುತಿಶುದ್ಧಿಯೇ ಅವರ ನಿಜವಾದ ಹಿರಿಮೆ ಎಂದು ಹೇಳಬೇಕು. ತಂತಿಗಳನ್ನು ಸೇರಿಸುವುದು ಯಾವ ಕುಶಲ ಕೆಲಸಗಾರನಿಗೂ ಸಾಧ್ಯವಿತ್ತು.

ಮುಂದೆ ಅವರು ಇದಕ್ಕೆ ಹನ್ನೆರಡು ಅನುರಣನ ತಂತಿಗಳನ್ನು ಸೇರಿಸಿ ಹತ್ತೊಂಬತ್ತು ತಂತಿಗಳ ಪಿಟೀಲನ್ನೂ ರೂಪಿಸಿದರು. ಅನುರಣನ ತಂತಿಗಳನ್ನು ಕಮಾನು ಮುಟ್ಟುವುದಿಲ್ಲ. ತಮ್ಮ ಸ್ವರ ಮೊಳಗಿದಾಗ ಅವು ತಾವಾಗಿಯೇ ಕಂಪಿಸುತ್ತವೆ. ಆದರೆ ಜನಮನದಲ್ಲಿ ನೆಲೆಯಾಗಿ ನಿಂತದ್ದು ಏಳು ತಂತಿಗಳ ವಾದ್ಯವೇ.

ವಾಲ್ವುಗಳ ಕಾಲ

ಚೌಡಯ್ಯನವರು ಮರ ಮತ್ತು ತಂತಿಗಳಿಂದ ಬಿಡಿಸಿದ ಸಮಸ್ಯೆಯನ್ನು ಅದೇ ದಶಕಗಳಲ್ಲಿ ವಿದ್ಯುತ್ತು ಬೇರೊಂದು ದಾರಿಯಲ್ಲಿ ಬಿಡಿಸುತ್ತಿತ್ತು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ರೂಪಿಸಿದ ಮೂರು ವಿದ್ಯುದ್ವಾರಗಳ ವಾಲ್ವು ಇದರ ಮೂಲ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿನ ಕಡೆಗೆ ಹರಿಯುತ್ತವೆ. ನಡುವಿನ ಜಾಲರಿಗೆ ಮೈಕಿನಿಂದ ಬಂದ ದುರ್ಬಲ ಸಂಕೇತವನ್ನು ಕೊಟ್ಟರೆ ಆ ದೊಡ್ಡ ಹರಿವು ಅದರಂತೆಯೇ ಏರಿಳಿಯುತ್ತದೆ. 1930ರ ದಶಕದ ಆರಂಭದಲ್ಲಿ ವಿದ್ಯುತ್ ಗಿಟಾರು ಹುಟ್ಟಿದ್ದು ಈ ಆಂಪ್ಲಿಫೈಯರುಗಳ ಬಲದಿಂದ. ದೊಡ್ಡ ವಾದ್ಯತಂಡಗಳ ನಡುವೆ ಗಿಟಾರು ಕೇಳಿಸುತ್ತಿರಲಿಲ್ಲ ಎಂಬ ಕೊರತೆಯೇ ಅದಕ್ಕೂ ಕಾರಣ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕದಿಂದ ಆಕಾಶವಾಣಿಯನ್ನು ಆರಂಭಿಸಿದ್ದು 1935ರ ಸೆಪ್ಟೆಂಬರಿನಲ್ಲಿ.

ಆಂಪ್ಲಿಫೈಯರಿನ ಕೊನೆಯ ಹಂತದಲ್ಲಿದ್ದು ಸ್ಪೀಕರನ್ನು ನಡೆಸುವ ವಾಲ್ವಿಗೆ ಪವರ್ ವಾಲ್ವು ಎಂದು ಹೆಸರು. ಅದು ಸದಾ ಬಿಸಿಯಾಗಿ ದುಡಿಯುವುದರಿಂದ ಬೇಗ ಸವೆಯುತ್ತದೆ. ಕ್ಯಾಥೋಡಿನ ಲೇಪನ ಕ್ಷೀಣಿಸಿ ಧ್ವನಿ ಕುಗ್ಗುತ್ತದೆ, ಒಡೆಯುತ್ತದೆ. ಬದಲಿಸುವಾಗ ಯಂತ್ರಕ್ಕೆ ಹೇಳಿದ ಜಾತಿಯ ವಾಲ್ವನ್ನೇ ಹಾಕಬೇಕು. ಹೆಚ್ಚು ಶಕ್ತಿ ಬರಲೆಂದು ಬೇರೆ ಜಾತಿಯದನ್ನು ಸಿಕ್ಕಿಸಿದರೆ ಕಾಯಿಸುವ ಪ್ರವಾಹವೂ ಟ್ರಾನ್ಸ್‌ಫಾರ್ಮರಿನ ಹೊಂದಾಣಿಕೆಯೂ ತಪ್ಪುತ್ತವೆ. ಎರಡು ವಾಲ್ವುಗಳು ಸರದಿಯಂತೆ ದುಡಿಯುವ ಯಂತ್ರಗಳಲ್ಲಿ ಒಂದನ್ನೇ ಬದಲಿಸದೆ, ಅಳೆದು ಹೊಂದಿಸಿದ ಜೋಡಿಯನ್ನೇ ಹಾಕುವುದು ವಾಡಿಕೆ; ಜಾಲರಿಯ ಬಯಾಸ್ ವೋಲ್ಟೇಜನ್ನು ಹೊರಗಿನಿಂದ ಕೊಡುವ ಯಂತ್ರಗಳಲ್ಲಿ ಅದನ್ನು ಮತ್ತೆ ಸರಿಪಡಿಸಬೇಕಾಗುತ್ತದೆ. ಜೋಡಿ ಹೊಂದದಿದ್ದರೆ ನಾದ ಕೆಡುತ್ತದೆಂಬ ವಿಷಯದಲ್ಲಿ ಏಳು ತಂತಿಗಳ ಪಿಟೀಲಿಗೂ ವಾಲ್ವಿನ ಯಂತ್ರಕ್ಕೂ ಭೇದವಿಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮುಂದೆ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಅವುಗಳಲ್ಲಿ ಒಂದಾದ ಇಎಲ್ 84 ಜಾತಿಯ ಪವರ್ ವಾಲ್ವು ರೇಡಿಯೋಗಳಲ್ಲಿ ಮಾತ್ರವಲ್ಲದೆ ವೋಕ್ಸ್ ಎಸಿ 30ರಂತಹ ಪ್ರಸಿದ್ಧ ಗಿಟಾರ್ ಆಂಪ್ಲಿಫೈಯರುಗಳಲ್ಲಿಯೂ ಬಳಕೆಯಾದದ್ದು.

ಮೈಕು ಬಂದ ಮೇಲೆ ಕರ್ನಾಟಕ ಸಂಗೀತದ ಗಾಯಕರ ಶ್ರುತಿ ಇಳಿಯಿತು; ಮೆಲುದನಿಯ ಸೂಕ್ಷ್ಮಗಳು ಸಭೆಗೆ ಕೇಳಿಸತೊಡಗಿದವು. ಏಳು ತಂತಿಗಳ ಅಗತ್ಯವೂ ಕಡಿಮೆಯಾಯಿತು. ಚೌಡಯ್ಯನವರು ಮಾತ್ರ ತಮ್ಮ ವಾದ್ಯವನ್ನು ಬಿಡಲಿಲ್ಲ. ಅವರಿಗೆ ಅದು ಕೇವಲ ಗಟ್ಟಿ ಧ್ವನಿಯ ಉಪಾಯವಾಗಿ ಉಳಿದಿರಲಿಲ್ಲ. ಎರಡು ಸ್ಥಾಯಿಗಳು ಕೂಡಿದ ಆ ನಾದವೇ ಅವರ ಗುರುತಾಗಿತ್ತು.

ಪಕ್ಕವಾದ್ಯಗಾರರಾಗಿ

ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ, ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಚೌಡಯ್ಯ ಇವರನ್ನು ಆ ತಲೆಮಾರಿನ ಪಿಟೀಲಿನ ತ್ರಿಮೂರ್ತಿಗಳೆಂದು ಪರಿಗಣಿಸಲಾಗುತ್ತದೆ. ನಾಯ್ಡು ಅವರು ನಾಲ್ಕು ತಂತಿಗಳಲ್ಲಿಯೇ ತನಿವಾದನದ ಸೊಬಗನ್ನು ಬೆಳೆಸಿದರೆ, ಚೌಡಯ್ಯನವರ ಪ್ರತಿಭೆ ಹೆಚ್ಚಾಗಿ ಬೆಳಗಿದ್ದು ಪಕ್ಕವಾದ್ಯದಲ್ಲಿ. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದವರಿಗೆ ಅವರು ಪಿಟೀಲು ನುಡಿಸಿದರು. ಕಂಚಿನ ಕಂಠದ ಚೆಂಬೈಯವರಿಗೂ ಚೌಡಯ್ಯನವರ ತುಂಬು ನಾದಕ್ಕೂ ಆದ ಹೊಂದಾಣಿಕೆ ಬಹುಕಾಲ ಪ್ರಸಿದ್ಧವಾಗಿತ್ತು. ಮದ್ರಾಸಿನ ವೇದಿಕೆಗಳಲ್ಲಿ ಮೈಸೂರಿನ ಪಿಟೀಲುಗಾರರೊಬ್ಬರು ಈ ಮಟ್ಟದ ಬೇಡಿಕೆ ಪಡೆದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ವಿ. ಸೇತುರಾಮಯ್ಯ, ಆರ್. ಕೆ. ವೆಂಕಟರಾಮಶಾಸ್ತ್ರಿ, ಕಂಡದೇವಿ ಅಳಗಿರಿಸ್ವಾಮಿ ಅವರ ಶಿಷ್ಯರಲ್ಲಿ ಪ್ರಮುಖರು. ಕೃತಿಗಳನ್ನೂ ತಿಲ್ಲಾನಗಳನ್ನೂ ಚೌಡಯ್ಯನವರು ರಚಿಸಿದ್ದಾರೆ.

ವಾಣಿ ಚಲನಚಿತ್ರ

1943ರಲ್ಲಿ ತೆರೆಕಂಡ ವಾಣಿ ಎಂಬ ಕನ್ನಡ ಚಿತ್ರದ ನಿರ್ಮಾಣದಲ್ಲಿ ಚೌಡಯ್ಯನವರು ತೊಡಗಿದ್ದರು. ನಾಟಕರಂಗದ ಕೆ. ಹಿರಣ್ಣಯ್ಯನವರು ಇದರ ನಿರ್ದೇಶಕರು. ಪಂಡರೀಬಾಯಿ ಅವರ ಮೊದಲ ಚಿತ್ರವೂ ಇದೇ. ಚೆಂಬೈಯವರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಕೂಡಿದ ಕಛೇರಿಯೊಂದು ಈ ಚಿತ್ರದಲ್ಲಿದೆ. ಆ ಕಾಲದ ಕಛೇರಿಯನ್ನು ಕಣ್ಣಾರೆ ಕಾಣಲು ಇಂತಹ ದೃಶ್ಯಗಳು ತೀರ ವಿರಳವಾದ್ದರಿಂದ ಸಂಗೀತದ ಇತಿಹಾಸವನ್ನು ಓದುವವರಿಗೆ ಇದು ಕಥೆಗಿಂತಲೂ ಮುಖ್ಯವೆನಿಸುತ್ತದೆ.

ಗೌರವಗಳು ಮತ್ತು ಸ್ಮಾರಕ

1939ರಲ್ಲಿ ಅವರು ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಸಂಗೀತ ಕಲಾನಿಧಿಯ ಜೊತೆಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಸಂಗೀತ ರತ್ನ, ಗಾನಕಲಾ ಸಿಂಧು ಅವರಿಗೆ ಸಂದ ಇತರ ಬಿರುದುಗಳು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಸಂಗೀತಗಾರರಿಗೆ ಪ್ರಶಸ್ತಿ ನೀಡುತ್ತದೆ.

ಅವರ ನಿಧನದ ಹದಿಮೂರು ವರ್ಷಗಳ ನಂತರ, 1980ರಲ್ಲಿ, ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಬೆಂಗಳೂರಿನ ವೈಯಾಲಿಕಾವಲ್ ಬಳಿ ಚೌಡಯ್ಯ ಸ್ಮಾರಕ ಭವನ ಕಟ್ಟಲ್ಪಟ್ಟಿತು. ಇಡೀ ಕಟ್ಟಡ ನೆಲದ ಮೇಲೆ ಒರಗಿಸಿಟ್ಟ ಪಿಟೀಲಿನ ಆಕಾರದಲ್ಲಿದೆ. ಕುದುರೆ, ಬಿರಡೆಗಳು, ಕಮಾನು ಎಲ್ಲವನ್ನೂ ಅದರಲ್ಲಿ ಗುರುತಿಸಬಹುದು. ಮೇಲೆ ಎಳೆದ ತಂತಿಗಳು ಏಳು.