ರಾತ್ರಿರಂಗದ ರಾಣಿ ಜೋಸೆಫಿನ್ ಬೇಕರ್

ಅಮೇರಿಕದ ಸೇಂಟ್ ಲೂಯಿಸ್ ಪಟ್ಟಣದ ಬಡ ಕೇರಿಯೊಂದರಲ್ಲಿ 1906ರ ಜೂನ್ 3ರಂದು ಹುಟ್ಟಿದ ಜೋಸೆಫಿನ್, ಎಂಟರ ಪ್ರಾಯದಲ್ಲೇ ಬಿಳಿಯರ ಮನೆಗೆಲಸಕ್ಕೆ ಸೇರಿದವಳು. 1917ರಲ್ಲಿ ನದಿಯ ಆಚೆ ದಡದಲ್ಲಿ ಕಪ್ಪು ಜನರ ಮನೆಗಳಿಗೆ ಬೆಂಕಿಯಿಟ್ಟಾಗ ಜೀವ ಉಳಿಸಿಕೊಂಡು ಓಡಿಬಂದವರನ್ನು ಆಕೆ ಕಣ್ಣಾರೆ ಕಂಡಿದ್ದಳು. ಹದಿಮೂರಕ್ಕೆ ಮದುವೆಯಾಯಿತು, ಅದು ಬಾಳಲಿಲ್ಲ. ಆಟದ ಕಂಪೆನಿಯ ಬೆನ್ನು ಹಿಡಿದು ಊರು ಬಿಟ್ಟಳು. ಕಪ್ಪು ಕಲಾವಿದರದೇ ಆದ ಪ್ರಸಿದ್ಧ ಕಂಪೆನಿಯೊಂದು ಕೂಡ ತೀರಾ ತೆಳ್ಳಗೆ, ತೀರಾ ಕಪ್ಪು ಎಂದು ಮೊದಲಿಗೆ ಆಕೆಯನ್ನು ಬೇಡವೆಂದಿತು. ನರ್ತಕಿಯರಿಗೆ ಉಡುಪು ತೊಡಿಸುವ ಕೆಲಸ ಹಿಡಿದು ಕಾದಳು. ಸಾಲಿನಲ್ಲಿ ಜಾಗ ಸಿಕ್ಕಿದಾಗ ಕಣ್ಣು ವಾರೆ ಮಾಡಿ, ಹೆಜ್ಜೆ ಮರೆತವಳಂತೆ ನಟಿಸಿ ಜನರನ್ನು ನಗಿಸಿದಳು.

1925ರಲ್ಲಿ ಪ್ಯಾರಿಸಿಗೆ ಹೋದದ್ದೇ ಅದೃಷ್ಟ ತೆರೆಯಿತು. ಮರುವರ್ಷ ಫೋಲಿ ಬರ್ಜೇರ್ ಎಂಬ ವಿನೋದ ಮಂದಿರದಲ್ಲಿ ಬಾಳೆಹಣ್ಣುಗಳ ಗೊಂಚಲನ್ನೇ ಲಂಗವಾಗಿ ಉಟ್ಟು ಕುಣಿದಳು. ಕಪ್ಪು ಹೆಂಗಸನ್ನು ಕಾಡಿನವಳೆಂದು ಕಾಣುವ ಬಿಳಿಯರ ಚಪಲವೂ ಆ ಚಪ್ಪಾಳೆಯಲ್ಲಿ ಬೆರೆತಿತ್ತೆನ್ನಬೇಕು. ಆಕೆ ಅದನ್ನು ಬಲ್ಲವಳೇ. ಕುಣಿತದ ನಡುವೆ ಗೇಲಿಯನ್ನೂ ಸೇರಿಸುತ್ತಿದ್ದಳು. ಮುಂದೆ ಕ್ಯಾಸಿನೋ ದ ಪಾರಿಯಲ್ಲಿ ಹಾಡಿ ಗಾಯಕಿಯೆನಿಸಿದಳು. ಅಲ್ಲಿ ಅವಳ ಜೊತೆಗೊಂದು ಸಾಕಿದ ಚೀತಾ! ಅದು ಕೆಲವೊಮ್ಮೆ ವಾದ್ಯಗಾರರ ನಡುವೆ ಹಾರಿ ಗಾಬರಿ ಹುಟ್ಟಿಸುತ್ತಿತ್ತಂತೆ.

1937ರಲ್ಲಿ ಆಕೆ ಫ್ರೆಂಚ್ ಪ್ರಜೆಯಾದಳು. ಮಹಾಯುದ್ಧ ಬಂದಾಗ ಜರ್ಮನರ ವಿರುದ್ಧ ಗುಪ್ತಚರಳಾಗಿ ದುಡಿದಳು. ಹಾಡಿನ ಹಾಳೆಗಳಲ್ಲಿ ಅದೃಶ್ಯ ಶಾಯಿಯಿಂದ ಬರೆದ ಸುದ್ದಿಗಳನ್ನು ಗಡಿ ದಾಟಿಸಿದಳು. ಹೆಸರಾಂತ ಕಲಾವಿದೆಯ ಪೆಟ್ಟಿಗೆಯನ್ನು ಯಾರು ಜಾಲಾಡುತ್ತಾರೆ?

ಹುಟ್ಟಿದ ನಾಡಿಗೆ ಹೋದಾಗ ಮಾತ್ರ ಪ್ರತಿ ಬಾಗಿಲಲ್ಲೂ ಜಗಳ. 1951ರಲ್ಲಿ ಮಯಾಮಿಯ ಕೋಪಾ ಸಿಟಿ ನೈಟ್‌ಕ್ಲಬ್ ಕರೆದಾಗ, ಕಪ್ಪು ಜನರನ್ನೂ ಒಳಗೆ ಬಿಟ್ಟರೆ ಮಾತ್ರ ಹಾಡುವೆನೆಂದು ಹಟ ಹಿಡಿದಳು. ಮಾಲಿಕರು ಕೊನೆಗೆ ಒಪ್ಪಿದರು. ಅದೇ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಸ್ಟಾರ್ಕ್ ಕ್ಲಬ್ಬಿಗೆ ಗೆಳೆಯರೊಡನೆ ಊಟಕ್ಕೆ ಹೋದಳು. ದೊಡ್ಡವರಷ್ಟೇ ಹೋಗುವ ಸ್ಥಳವದು; ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಬಾಗಿಲಲ್ಲೇ ತೀರ್ಮಾನಿಸುತ್ತಿದ್ದರು. ಇವಳನ್ನು ತಡೆಯಲಿಲ್ಲ, ಆದರೆ ಕೇಳಿದ ತಿನಿಸು ಎಷ್ಟು ಹೊತ್ತು ಕಾದರೂ ಮೇಜಿಗೆ ಬರಲಿಲ್ಲ. ಜೋಸೆಫಿನ್ ಎದ್ದು ಹೋಗಿ ದೂರವಾಣಿಯಲ್ಲಿ ದೂರಿತ್ತಳು. ಅಲ್ಲಿದ್ದ ನಟಿ ಗ್ರೇಸ್ ಕೆಲಿ ಆಕೆಯ ಪರವಾಗಿ ತನ್ನ ಬಳಗದೊಡನೆ ಹೊರನಡೆದಳೆನ್ನುತ್ತಾರೆ. ಆದರೆ ಆಗ ಬಲಾಢ್ಯ ಪತ್ರಕರ್ತನಾಗಿದ್ದ ವಾಲ್ಟರ್ ವಿಂಚೆಲ್, ಅಂದು ಸುಮ್ಮನಿದ್ದನೆಂದು ಆಕೆ ದೂರಿದ್ದಕ್ಕೆ ಸಿಟ್ಟಾಗಿ, ಕಮ್ಯುನಿಸ್ಟರ ಕಡೆಯವಳೆಂದು ಬರೆದ. ಕರಾರುಗಳು ಒಂದೊಂದಾಗಿ ರದ್ದಾದವು. ಒಂದು ಹೊತ್ತಿನ ಊಟದ ಪ್ರಶ್ನೆಗೆ ಅಮೇರಿಕದಲ್ಲಿ ಹಲವು ವರ್ಷಗಳ ಸಂಪಾದನೆಯೇ ಹೋಯಿತು. ಆ ಕ್ಲಬ್ 1965ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಯಾರೂ ಕೂತು ಹೋಗಬಹುದಾದ ಪುಟ್ಟ ಉದ್ಯಾನವಿದೆ.

1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಮಾತನಾಡಿದ ದಿನವೇ, ಫ್ರೆಂಚ್ ಸೇನಾ ಸಮವಸ್ತ್ರ ಧರಿಸಿ, ಪದಕಗಳನ್ನು ಚುಚ್ಚಿಕೊಂಡು ಆಕೆಯೂ ಮಾತನಾಡಿದಳು.

ಹಣದ ಲೆಕ್ಕ ಮಾತ್ರ ಆಕೆಗೆ ಕೊನೆವರೆಗೂ ಒಗ್ಗಲಿಲ್ಲ. ಬೇರೆ ಬೇರೆ ದೇಶ, ಬಣ್ಣ, ಮತಗಳ ಹನ್ನೆರಡು ಮಕ್ಕಳನ್ನು ದತ್ತು ತೆಗೆದುಕೊಂಡು ಮಿಲಾಂದ್ ಎಂಬ ಹಳೆಯ ಕೋಟೆಮನೆಯಲ್ಲಿ ಸಾಕಿದಳು. ಸಾಲ ಏರಿ, ಮನೆ ಹರಾಜಾಗಿ, 1969ರಲ್ಲಿ ಅಲ್ಲಿಂದ ಹೊರಬಿದ್ದಳು. ಆಗ ತಲೆಯ ಮೇಲೊಂದು ಸೂರು ದೊರಕಿಸಿದವಳು ಮೊನಾಕೋದ ರಾಜಕುಮಾರಿ. ಅದೇ ಗ್ರೇಸ್ ಕೆಲಿ.

ಸಂಸಾರ ನಡೆಸಲು ಮತ್ತೆ ರಂಗವೇ ಗತಿ. 1975ರ ಏಪ್ರಿಲ್ 8ರಂದು ಪ್ಯಾರಿಸಿನ ಬೊಬಿನೋದಲ್ಲಿ ಐವತ್ತು ವರ್ಷಗಳ ಕಲಾಜೀವನದ ಸಂಭ್ರಮದ ಪ್ರದರ್ಶನ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾಲ್ಕು ದಿನಗಳ ಬಳಿಕ, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಳು. 2021ರ ನವೆಂಬರ್ 30ರಂದು ಫ್ರಾನ್ಸ್ ಸರಕಾರ ಆಕೆಗೆ ಮಹಾಪುರುಷರ ಸ್ಮಾರಕವಾದ ಪಾಂಥಿಯೋನಿನಲ್ಲಿ ಸ್ಥಾನ ನೀಡಿತು. ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ ಆಕೆ. ದೇಹ ಇಂದೂ ಮೊನಾಕೋದಲ್ಲೇ ಇದೆ. ಪ್ಯಾರಿಸಿಗೆ ಹೊತ್ತು ತಂದ ಶವಪೆಟ್ಟಿಗೆಯಲ್ಲಿದ್ದದ್ದು ಸೇಂಟ್ ಲೂಯಿಸ್, ಪ್ಯಾರಿಸ್, ಮಿಲಾಂದ್, ಮೊನಾಕೋ ಈ ನಾಲ್ಕೂ ಊರುಗಳ ಮಣ್ಣು.